ಕೂಗಿದಾಗ ಇರಲಿಲ್ಲ

ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ, ಪಹಣಿಗಳ ಮತ್ತು ಕಂದಾಯದ ರಸೀದಿಗಳ ಅಡಿಯಲ್ಲಿ, ಒಂದು ದೃಢೀಕೃತ ನಕಲು ಇದೆ. ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಅದು ಕೈಸೇರಿದ ದಿನ ಎಲ್ಲವನ್ನೂ ಮೊಹರಿನೊಳಗೆ ನಮೂದಿಸಿರುವ ಆ ಹಾಳೆ ನಮ್ಮ ದಾವೆಯ ಆರ್ಡರ್ ಶೀಟಿನ ಒಂದು ಪುಟ. 17-06-2014ರ ಎದುರು ಅದರಲ್ಲಿ ಇರುವುದು ಇಷ್ಟೇ: “ಪ್ರಕರಣವನ್ನು ಕೂಗಿಸಲಾಯಿತು. ವಾದಿ ಗೈರು. ವಾದಿ ಪರ ವಕೀಲರು ಗೈರು. ಪ್ರತಿವಾದಿ ಪರ ವಕೀಲರು ಹಾಜರು. ಮಧ್ಯಾಹ್ನ ಮತ್ತೆ ಕೂಗಿಸಿದಾಗಲೂ ವಾದಿಯ ಪರವಾಗಿ ಯಾರೂ ಇಲ್ಲ. ದಾವೆಯನ್ನು ನಡೆಸುವಲ್ಲಿ ವಾದಿಗೆ ಆಸಕ್ತಿಯಿಲ್ಲವೆಂದು ಕಂಡುಬರುತ್ತದೆ. ಗೈರುಹಾಜರಿಗಾಗಿ ದಾವೆ ವಜಾ.” ಐದು ವರ್ಷ ನಡೆದ ದಾವೆ ಏಳು ಸಣ್ಣ ವಾಕ್ಯಗಳಲ್ಲಿ ಮುಗಿದಿತ್ತು.

ಆಸಕ್ತಿಯಿಲ್ಲ ಎಂಬ ಮಾತನ್ನು ಓದುವಾಗಲೆಲ್ಲ ನನಗೆ ಅಪ್ಪನ ಬಿಳಿ ಅಂಗಿ ನೆನಪಾಗುತ್ತದೆ. ಕೋರ್ಟಿನ ದಿನಕ್ಕೆಂದೇ ಎತ್ತಿಟ್ಟಿದ್ದ ಆ ಅಂಗಿಯನ್ನು ಅವರು ಮದುವೆಗೂ ಹಾಕುತ್ತಿರಲಿಲ್ಲ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಟು, ನ್ಯಾಯಾಧೀಶರು ಪೀಠಕ್ಕೆ ಬರುವ ಎರಡು ಗಂಟೆ ಮೊದಲೇ ತಾಲ್ಲೂಕು ಕೇಂದ್ರದ ನ್ಯಾಯಾಲಯದ ಹೊರಗಿನ ಕಲ್ಲುಕಟ್ಟೆಯ ಮೇಲೆ ಕೂತಿರುತ್ತಿದ್ದರು. ಐದು ವರ್ಷಗಳಲ್ಲಿ ಅವರು ತಪ್ಪಿಸಿಕೊಂಡ ದಿನ ಅದೊಂದೇ, ಮತ್ತು ಅದು ತಮ್ಮ ಕೇಸಿನ ದಿನವೆಂದು ಅವರಿಗೆ ಗೊತ್ತೇ ಇರಲಿಲ್ಲ.

ನಡೆದದ್ದು ಬಹಳ ಚಿಕ್ಕ ಸಂಗತಿ. ವಕೀಲರ ಕಚೇರಿಯಲ್ಲಿ ಪ್ರತಿ ಕೇಸಿನ ಮುಂದಿನ ದಿನಾಂಕವನ್ನು ಡೈರಿಯ ಆಯಾ ಪುಟಕ್ಕೆ ಏರಿಸುತ್ತಾರೆ. ನಮ್ಮ ಕೇಸನ್ನು ಗುಮಾಸ್ತ 17ರ ಬದಲು 27ರ ಪುಟದಲ್ಲಿ ಬರೆದುಕೊಂಡಿದ್ದ, ಅಪ್ಪನಿಗೂ ಅದನ್ನೇ ಹೇಳಿದ್ದ. 27ನೇ ತಾರೀಕು ಅಪ್ಪ ಬಿಳಿ ಅಂಗಿ ತೊಟ್ಟು ಹೋದಾಗ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ ನಮ್ಮ ನಂಬರು ಇರಲಿಲ್ಲ. ವಕೀಲರು ಒಳಗೆ ಹೋಗಿ ಬೆಂಚ್ ಕ್ಲಾರ್ಕ್ ಹತ್ತಿರ ವಿಚಾರಿಸಿ ಬಂದು, “ಫೈಲು ಆಫೀಸಿನಲ್ಲಿದೆ ಯಜಮಾನರೇ, ನೀವು ಊರಿಗೆ ಹೋಗಿ, ತಾರೀಕು ಗೊತ್ತಾದ ಮೇಲೆ ಹೇಳಿಕಳಿಸ್ತೀನಿ” ಎಂದರು. ಆ ಹೊತ್ತಿಗೆ ವಜಾ ಆಗಿ ಹತ್ತು ದಿನ ಕಳೆದಿತ್ತು, ದಾವೆಯನ್ನು ಮತ್ತೆ ಕಡತಕ್ಕೆ ತೆಗೆದುಕೊಳ್ಳಿ ಎಂದು ಕೇಳಲು ಕಾನೂನು ಕೊಟ್ಟ ಮೂವತ್ತು ದಿನಗಳಲ್ಲಿ ಇನ್ನೂ ಇಪ್ಪತ್ತು ಉಳಿದಿತ್ತು. ಒಂದು ಅರ್ಜಿ ಹಾಕಿದ್ದರೆ ಮುಗಿಯುವ ವಿಷಯವಾಗಿತ್ತು. ಅವರು ಹಾಕಲಿಲ್ಲ, ಹೇಳಿಯೂ ಕಳಿಸಲಿಲ್ಲ. ಅಪ್ಪ ಎರಡು ಬಾರಿ ಎಳನೀರು ಹೊತ್ತುಕೊಂಡು ಹೋಗಿ ಕೇಳಿ ಬಂದರು, ಎರಡು ಬಾರಿಯೂ ಅದೇ ಉತ್ತರ. ನಿಜ ಗೊತ್ತಾದದ್ದು ನವೆಂಬರ್ ಕೊನೆಯಲ್ಲಿ, ಅದೂ ಪ್ರತಿವಾದಿಯ ಮಗ ಸಂತೆಯಲ್ಲಿ ಯಾರ ಹತ್ತಿರವೋ ಹೇಳಿದ ಮಾತಿನಿಂದ.

ಇಲ್ಲಿ ನನ್ನ ಪಾಲನ್ನೂ ಹೇಳಿಬಿಡಬೇಕು. ನಾನು ಆಗ ಬೆಂಗಳೂರಿನಲ್ಲಿ ದಿನಕ್ಕೆ ಎಂಟು ಗಂಟೆ ಕಂಪ್ಯೂಟರಿನ ಮುಂದೆ ಕೂರುವ ಕೆಲಸದಲ್ಲಿದ್ದೆ. ಇ-ಕೋರ್ಟ್ಸ್ ಜಾಲತಾಣ 2013ರಲ್ಲೇ ಆರಂಭವಾಗಿತ್ತು. ದಾವೆಯ ಸಂಖ್ಯೆಯನ್ನು ಹಾಕಿ ನೋಡುವ ಯೋಚನೆಯೇ ನನಗೆ ಬರಲಿಲ್ಲ, ಏಕೆಂದರೆ ಅದು ಅಪ್ಪನ ಕೇಸು ಎಂಬ ಭಾವನೆಯಲ್ಲಿ ನಾನಿದ್ದೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9ನ್ನು (ಅಲ್ಲಿ ಆದೇಶ ಎಂದರೆ ನಿಯಮಗಳ ಒಂದು ಅಧ್ಯಾಯ) ನಾನು ಮೊದಲ ಬಾರಿ ಓದಿದ್ದು ಆ ಡಿಸೆಂಬರಿನಲ್ಲಿ. 1908ರ ಈ ಸಂಹಿತೆಯಲ್ಲಿ ಹಕ್ಕು, ಸ್ವಾಧೀನ, ನ್ಯಾಯ ಇವುಗಳ ಬಗ್ಗೆ ದೊಡ್ಡ ಮಾತುಗಳಿರಬಹುದೆಂದು ನಿರೀಕ್ಷಿಸಿದ್ದ ನನಗೆ ಅಲ್ಲಿ ಸಿಕ್ಕಿದ್ದು ಶಾಲೆಯ ಹಾಜರಿ ಪುಸ್ತಕದಂಥ ಒಂದು ವ್ಯವಸ್ಥೆ. ವಾದಿ ಸಮನ್ಸಿನ ಶುಲ್ಕ ಕಟ್ಟದೆ ಸಮನ್ಸ್ ಜಾರಿಯಾಗದಿದ್ದರೆ ಏನು, ಜಾರಿಯಾಗದೆ ಹಿಂದಿರುಗಿದ ಮೇಲೆ ಏಳು ದಿನಗಳೊಳಗೆ ಹೊಸ ಸಮನ್ಸಿಗೆ ಕೇಳದಿದ್ದರೆ ಏನು, ಇಬ್ಬರೂ ಬರದಿದ್ದರೆ ಏನು, ವಾದಿ ಮಾತ್ರ ಬಂದರೆ ಏನು, ಪ್ರತಿವಾದಿ ಮಾತ್ರ ಬಂದರೆ ಏನು ಎಂದು ಒಂದೊಂದಾಗಿ ಹೇಳುತ್ತ ಹೋಗುತ್ತದೆ. ವಿಚಾರಣೆ ಆರಂಭವಾಗಿ ಮುಂದೂಡಿದ ದಿನ ಯಾರಾದರೂ ಬರದಿದ್ದರೂ ಆದೇಶ 17ರ ಎರಡನೇ ನಿಯಮ ಮತ್ತೆ ಇದೇ ಆದೇಶ 9ರ ಕಡೆಗೆ ಕೈತೋರಿಸುತ್ತದೆ. ನಮ್ಮ ದಾವೆ ಇದ್ದದ್ದು ಆ ಹಂತದಲ್ಲಿ: ಅಪ್ಪನ ಮುಖ್ಯ ವಿಚಾರಣೆಯ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಕೆಯಾಗಿತ್ತು, ಪಾಟಿ ಸವಾಲು ಇನ್ನೂ ಆರಂಭವಾಗಿರಲಿಲ್ಲ.

ಈ ಆದೇಶದ ಮೂರನೇ ಮತ್ತು ಎಂಟನೇ ನಿಯಮಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ತಲೆ ಸುತ್ತುತ್ತದೆ. ವಾದಿ ಬರಲಿಲ್ಲ, ಪ್ರತಿವಾದಿಯೂ ಬರಲಿಲ್ಲ ಎಂದಾದರೆ ದಾವೆ ಮೂರನೇ ನಿಯಮದಡಿ ವಜಾ ಆಗುತ್ತದೆ, ಮತ್ತು ನಾಲ್ಕನೇ ನಿಯಮದ ಪ್ರಕಾರ ಕಾಲಮಿತಿ ಉಳಿದಿದ್ದರೆ ಅದೇ ವಿಷಯಕ್ಕೆ ಹೊಸ ದಾವೆ ಹೂಡಬಹುದು. ವಾದಿ ಬರಲಿಲ್ಲ, ಆದರೆ ಪ್ರತಿವಾದಿ ಬಂದಿದ್ದ, ಅವನು ವಾದಿಯ ಹಕ್ಕನ್ನು ಒಪ್ಪಿಕೊಳ್ಳಲಿಲ್ಲ ಎಂದಾದರೆ ದಾವೆ ಎಂಟನೇ ನಿಯಮದಡಿ ವಜಾ ಆಗುತ್ತದೆ, ಮತ್ತು ಒಂಬತ್ತನೇ ನಿಯಮ ಅದೇ ವ್ಯಾಜ್ಯಕಾರಣದ ಮೇಲೆ ಹೊಸ ದಾವೆಯ ಬಾಗಿಲನ್ನು ಮುಚ್ಚಿಬಿಡುತ್ತದೆ. ವಾದಿಯ ತಪ್ಪು ಎರಡರಲ್ಲೂ ಒಂದೇ. ಫಲವನ್ನು ನಿರ್ಧರಿಸುವುದು ಆ ಹೊತ್ತಿನಲ್ಲಿ ಎದುರು ಪಕ್ಷದ ವಕೀಲರು ಕೋರ್ಟ್ ಹಾಲಿನಲ್ಲಿದ್ದರೋ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದರೋ ಎಂಬುದು. ನಮ್ಮ ದುರದೃಷ್ಟಕ್ಕೆ ಅವರು ಶಿಸ್ತಿನ ಮನುಷ್ಯ, ಹಾಲಿನಲ್ಲೇ ಇದ್ದರು.

ಇದಕ್ಕೆ ತರ್ಕವಿಲ್ಲದಿಲ್ಲ. ಬಂದು ಕಾದವನಿಗೆ ಇನ್ನೊಮ್ಮೆ ಅದೇ ವಿಷಯಕ್ಕೆ ಅಲೆಯುವ ಪಾಡು ಬರಬಾರದು ಎಂಬುದು ನ್ಯಾಯವೇ. ಆದರೂ ಹಳ್ಳಿಯ ಮನುಷ್ಯನೊಬ್ಬನಿಗೆ ಇದನ್ನು ವಿವರಿಸಿ ನೋಡಿ. ನಾನು ಅಪ್ಪನಿಗೆ ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಅಂದ್ರೆ ಅವರೂ ಬರದೇ ಇದ್ದಿದ್ರೆ ನಮಗೆ ಒಳ್ಳೇದಾಗ್ತಿತ್ತು” ಎಂದರು. ಹೌದು, ನಿಯಮ ಹೇಳುವುದು ಅದನ್ನೇ.

ನಮ್ಮಲ್ಲಿ ಕೋರ್ಟಿನ ಬಗ್ಗೆ ಎಲ್ಲರಿಗೂ ಬಾಯಿಗೆ ಬರುವ ಗಾದೆ, ಗೆದ್ದವನು ಸೋತ, ಸೋತವನು ಸತ್ತ ಎಂಬುದು. ಗೈರಿನಲ್ಲಿ ವಜಾ ಆದವನು ಈ ಗಾದೆಯೊಳಗೆ ಎಲ್ಲಿಯೂ ಇಲ್ಲ. ಎಂಟು ಗುಂಟೆ ತೆಂಗಿನ ತೋಟ ನಮ್ಮದೋ ಪಕ್ಕದವರದೋ ಎಂಬ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಟ್ಟಿರಲೇ ಇಲ್ಲ. ಸಂಹಿತೆಯ 2ನೇ ಕಲಮಿನಲ್ಲಿ ಡಿಕ್ರಿ (ಹಕ್ಕನ್ನು ತೀರ್ಮಾನಿಸುವ ತೀರ್ಪು) ಎಂದರೇನು ಎಂದು ಹೇಳುವಾಗ ಗೈರುಹಾಜರಿಯ ವಜಾ ಆದೇಶ ಡಿಕ್ರಿಯಲ್ಲ ಎಂದು ಬಿಡಿಸಿಯೇ ಹೇಳಿದ್ದಾರೆ. ಹಾಗಾಗಿ ಅದರ ಮೇಲೆ ನೇರವಾಗಿ ಮೇಲ್ಮನವಿ ಹೋಗಲು ಬರುವುದಿಲ್ಲ. ಆದೇಶ ಕೊಟ್ಟ ಅದೇ ನ್ಯಾಯಾಲಯಕ್ಕೆ ಹೋಗಿ, ಬರದಿದ್ದುದಕ್ಕೆ ಸಾಕಷ್ಟು ಕಾರಣವಿತ್ತೆಂದು ತೋರಿಸಿ, ದಾವೆಯನ್ನು ಮತ್ತೆ ಕಡತಕ್ಕೆ ತೆಗೆದುಕೊಳ್ಳಿ ಎಂದು ಬೇಡಬೇಕು. ಅದನ್ನೂ ನಿರಾಕರಿಸಿದರೆ, ಆ ನಿರಾಕರಣೆಯ ಮೇಲೆ ಮಾತ್ರ ಆದೇಶ 43ರ ಮೇಲ್ಮನವಿ ಇದೆ.

ಮೂವತ್ತು ದಿನದ ಲೆಕ್ಕ ಬರುವುದು 1963ರ ಕಾಲಪರಿಮಿತಿ ಕಾಯ್ದೆಯ ಅನುಸೂಚಿಯಿಂದ. ಅಲ್ಲಿ 122 ಮತ್ತು 123ನೇ ಬಾಬುಗಳು ಒಂದರ ಕೆಳಗೊಂದು ಇವೆ. ಎರಡರಲ್ಲೂ ಮೂವತ್ತೇ ದಿನ. ಪ್ರತಿವಾದಿಯ ಗೈರಿನಲ್ಲಿ ಏಕಪಕ್ಷೀಯ ಡಿಕ್ರಿ ಆಗಿದ್ದು, ಸಮನ್ಸ್ ಅವನಿಗೆ ಸರಿಯಾಗಿ ಜಾರಿಯಾಗಿರದಿದ್ದರೆ, ಡಿಕ್ರಿಯ ವಿಷಯ ತಿಳಿದ ದಿನದಿಂದ ಅವನ ಮೂವತ್ತು ದಿನ ಎಣಿಕೆಯಾಗುತ್ತದೆ. ವಾದಿಗೆ ಆ ಅನುಕೂಲವಿಲ್ಲ. ಅವನಿಗೆ ವಜಾ ಆದ ದಿನದಿಂದಲೇ ಎಣಿಕೆ, ತಿಳಿದಿರಲಿ ಬಿಡಲಿ. ದಾವೆ ಹೂಡಿದವನಿಗೆ ತನ್ನ ದಾವೆ ಎಲ್ಲಿದೆ ಎಂದು ಗೊತ್ತಿರಲೇಬೇಕು ಎಂಬುದು ಕಾನೂನಿನ ಗ್ರಹಿಕೆ. ಡೈರಿ ವಕೀಲರ ಕಚೇರಿಯಲ್ಲಿರುತ್ತದೆ ಎಂಬುದು ಅನುಸೂಚಿಗೆ ಗೊತ್ತಿಲ್ಲ.

ಹೊಸ ದಾವೆಯ ಬಾಗಿಲು ತೆರೆದಿದ್ದರೂ ನಮಗೆ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ನಮ್ಮದು ಹಕ್ಕಿನ ಘೋಷಣೆ ಮತ್ತು ನಿರ್ಬಂಧಕಾಜ್ಞೆಯ ದಾವೆ. ಘೋಷಣೆಗೆ ಕಾಲಮಿತಿ ಮೂರು ವರ್ಷ, ದಾವೆ ಹೂಡುವ ಹಕ್ಕು ಮೊದಲು ಹುಟ್ಟಿದಂದಿನಿಂದ. 2009ರ ಜಗಳಕ್ಕೆ 2014ರಲ್ಲಿ ಹೊಸ ದಾವೆ ತಂದರೆ ಪ್ರತಿವಾದಿ ಬಾಯಿ ಬಿಡದಿದ್ದರೂ ನ್ಯಾಯಾಲಯವೇ ಕಾಲ ಮೀರಿದೆ ಎಂದು ವಜಾ ಮಾಡಬೇಕು, ಕಾಯ್ದೆಯ 3ನೇ ಕಲಮು ಹಾಗೆ ಕಟ್ಟಪ್ಪಣೆ ಮಾಡಿದೆ. ವಜಾ ಆದ ದಾವೆಯಲ್ಲಿ ಕಳೆದ ಐದು ವರ್ಷಗಳನ್ನು ಲೆಕ್ಕದಿಂದ ಬಿಡಿ ಎಂದು ಕೇಳಲೂ ಆಗದು. ವಿಳಂಬವನ್ನು ಮನ್ನಿಸುವ 5ನೇ ಕಲಮು ಅರ್ಜಿಗಳಿಗೂ ಮೇಲ್ಮನವಿಗಳಿಗೂ ಇದೆಯೇ ಹೊರತು ದಾವೆಗಳಿಗಲ್ಲ. ಪಾಲುದಾವೆ ಹೂಡಿದವರ ಕಥೆ ಇಷ್ಟು ಬಿಗಿಯಲ್ಲ. ಆಸ್ತಿ ಒಟ್ಟಾಗಿರುವ ತನಕ ವ್ಯಾಜ್ಯಕಾರಣ ಮುಂದುವರಿಯುತ್ತಲೇ ಇರುತ್ತದೆ ಎಂದು ಹಲವು ಹೈಕೋರ್ಟುಗಳು ಹೇಳಿರುವುದರಿಂದ, ಗೈರಿನ ವಜಾ ಅವರನ್ನು ಶಾಶ್ವತವಾಗಿ ಹೊರಗಿಡುವುದಿಲ್ಲ. ನಮಗೆ ಉಳಿದದ್ದು ಒಂದೇ ದಾರಿ: ಒಂಬತ್ತನೇ ನಿಯಮದ ಅರ್ಜಿ, ಅದರ ಜೊತೆಗೆ ವಿಳಂಬ ಮನ್ನಿಸಿ ಎಂಬ ಇನ್ನೊಂದು ಅರ್ಜಿ.

ಹೊಸ ವಕೀಲರನ್ನು ಹುಡುಕಿದೆವು. ಹಳೆಯವರಿಂದ ಆಕ್ಷೇಪಣೆಯಿಲ್ಲ ಎಂಬ ಸಹಿ ಪಡೆದು ವಕಾಲತ್ತು ಹಾಕುವುದಕ್ಕೇ ಒಂದು ವಾರ ಹಿಡಿಯಿತು. 2014ರ ಡಿಸೆಂಬರ್ 12ರಂದು ಮಿಸಲೇನಿಯಸ್ ಅರ್ಜಿ ದಾಖಲಾಯಿತು. ಜುಲೈ 17ಕ್ಕೆ ಮೂವತ್ತು ದಿನ ಮುಗಿದಿದ್ದರಿಂದ ವಿಳಂಬ 148 ದಿನ.

ಈ 148 ದಿನಗಳಿಗೆ ಕಾರಣ ಹೇಳಬೇಕಿತ್ತು. ಹೊಸ ವಕೀಲರು ಸಿದ್ಧಪಡಿಸಿದ ಪ್ರಮಾಣಪತ್ರವನ್ನು ನಾನು ಓದಿದಾಗ ಅದರಲ್ಲಿ ಡೈರಿಯ ಪುಟವೂ ಇರಲಿಲ್ಲ, ಎಳನೀರೂ ಇರಲಿಲ್ಲ. ಅರ್ಜಿದಾರರು ಜೂನ್ ಎರಡನೇ ವಾರದಲ್ಲಿ ಕಾಮಾಲೆಯಿಂದ ಹಾಸಿಗೆ ಹಿಡಿದು, ನಾಟಿ ವೈದ್ಯರಲ್ಲಿ ಔಷಧ ಪಡೆಯುತ್ತಿದ್ದು, ಪಥ್ಯದಲ್ಲಿದ್ದ ಕಾರಣ ತಮ್ಮ ವಕೀಲರನ್ನು ಸಂಪರ್ಕಿಸಲಾಗಲಿಲ್ಲವೆಂದು ಅದರಲ್ಲಿತ್ತು. ಅಪ್ಪನಿಗೆ ಜೀವಮಾನದಲ್ಲಿ ಕಾಮಾಲೆ ಆಗಿರಲಿಲ್ಲ. ಆಮೇಲೆ ಈ ವಿಷಯವನ್ನು ಕೋರ್ಟಿನ ಕಟ್ಟೆಯ ಮೇಲೆ ಹತ್ತಾರು ಜನರೊಡನೆ ಮಾತಾಡಿದ್ದೇನೆ. ನಮ್ಮ ರಾಜ್ಯದ ವಾದಿಗಳಿಗೆ ದಾವೆಯ ದಿನವೇ ಕಾಮಾಲೆಯೋ ಟೈಫಾಯ್ಡೋ ಅಂಟಿಕೊಳ್ಳುವುದು ಒಂದು ವೈದ್ಯಕೀಯ ವಿಸ್ಮಯ. ಕಾಮಾಲೆಗೆ ನಾಟಿ ಔಷಧ ಸಲ್ಲುವುದರಿಂದ ಡಾಕ್ಟರ ಸರ್ಟಿಫಿಕೇಟು ಇಲ್ಲದಿದ್ದರೂ ನಡೆಯುತ್ತದೆ. ಟೈಫಾಯ್ಡಿಗೆ ಆ ಅನುಕೂಲವಿಲ್ಲ.

ನಡೆದದ್ದನ್ನೇ ಬರೆಯಬಹುದಲ್ಲ ಎಂದು ನಾನು ಕೇಳಿದೆ. ಅವರು ಕನ್ನಡಕ ತೆಗೆದಿಟ್ಟು, “ನಾಳೆ ಬೆಳಿಗ್ಗೆ ಬಾರ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲೇ ನಾನು ಕೂರಬೇಕು” ಎಂದರು. ಇಪ್ಪತ್ತೈದು ಮೂವತ್ತು ವಕೀಲರಿರುವ ಊರು ಅದು. ಒಬ್ಬರ ಕೇಸಿಗೆ ಒಬ್ಬರು ನಿಲ್ಲುತ್ತಾರೆ, ಒಬ್ಬರಿಗೆ ಬರಲಾಗದಿದ್ದರೆ ಇನ್ನೊಬ್ಬರು ದಿನ ಕೇಳುತ್ತಾರೆ. ಅಂಥ ಕಡೆ ಸಹೋದ್ಯೋಗಿಯ ತಪ್ಪನ್ನು ಪ್ರಮಾಣಪತ್ರದಲ್ಲಿ ಬರೆಯುವುದು ಆಗದ ಮಾತು. ಅವರನ್ನು ನಾನು ದೂರುವುದಿಲ್ಲ, ಅವರ ಮಾತಿನಲ್ಲಿ ಕಪಟವಿರಲಿಲ್ಲ.

ನನ್ನನ್ನು ಇವತ್ತಿಗೂ ಕೊರೆಯುವುದು ಬೇರೆ ಸಂಗತಿ. ನಾವು ಬರೆಯದೆ ಬಿಟ್ಟ ನಿಜವೇ ಕಾನೂನಿನ ಕಣ್ಣಿನಲ್ಲಿ ಹೆಚ್ಚು ಗಟ್ಟಿ ಕಾರಣವಾಗಿತ್ತು. 1981ರಲ್ಲಿ ರಫೀಕ್ ವಿರುದ್ಧ ಮುನ್ಶಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಡಿ.ಎ. ದೇಸಾಯಿ ಅವರು ಇಂಥದ್ದೇ ಪರಿಸ್ಥಿತಿಯನ್ನು ನೋಡಿದ್ದರು. ವಕೀಲರನ್ನು ನೇಮಿಸಿ, ಶುಲ್ಕ ಕೊಟ್ಟು, ತನ್ನ ಕೈಲಾದದ್ದನ್ನೆಲ್ಲ ಮಾಡಿದ ಹಳ್ಳಿಗನು, ಮೇಲ್ಮನವಿಯ ದಿನ ವಕೀಲರು ಬರುತ್ತಾರೋ ಇಲ್ಲವೋ ಎಂದು ಕಾವಲು ಕಾಯಬೇಕಾಗಿಲ್ಲ, ವಕೀಲರ ಗೈರಿಗೆ ಅವನನ್ನು ಶಿಕ್ಷಿಸಬಾರದು ಎಂಬುದು ಆ ತೀರ್ಪಿನ ತಿರುಳು. 1998ರ ಎನ್. ಬಾಲಕೃಷ್ಣನ್ ಪ್ರಕರಣದಲ್ಲಿ 883 ದಿನಗಳ ವಿಳಂಬವನ್ನು ಮನ್ನಿಸಲಾಯಿತು. ಅಲ್ಲಿಯೂ ಕಾರಣ ವಕೀಲರ ನಿರ್ಲಕ್ಷ್ಯವೇ. ವಿಳಂಬ ಎಷ್ಟು ಉದ್ದ ಎಂಬುದಕ್ಕಿಂತ ಕೊಟ್ಟ ವಿವರಣೆ ಒಪ್ಪತಕ್ಕದ್ದೇ ಎಂಬುದು ಮುಖ್ಯ ಎಂದು ನ್ಯಾಯಾಲಯ ಹೇಳಿತು. ಅದಕ್ಕೂ ಮುಂಚೆ 1987ರ ಕಾತಿಜಿ ಪ್ರಕರಣದಲ್ಲಿ, ಸರ್ಕಾರದ ಕೇವಲ ನಾಲ್ಕು ದಿನಗಳ ವಿಳಂಬದ ಸಂದರ್ಭದಲ್ಲಿ, ಪ್ರತಿಯೊಂದು ದಿನದ ವಿಳಂಬಕ್ಕೂ ವಿವರಣೆ ಬೇಕೆಂಬ ಹಳೆಯ ಸೂತ್ರವನ್ನು ಅಕ್ಷರಶಃ ಹಿಡಿದುಕೊಂಡರೆ ಪ್ರತಿ ಗಂಟೆಗೂ ಪ್ರತಿ ಕ್ಷಣಕ್ಕೂ ವಿವರಣೆ ಕೇಳಬೇಕಾದೀತು ಎಂದು ನ್ಯಾಯಾಲಯವೇ ಗೇಲಿ ಮಾಡಿತ್ತು.

ಹಾಗೆಂದು ಈ ಔದಾರ್ಯ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ. 1993ರ ಸಲಿಲ್ ದತ್ತ ಪ್ರಕರಣದಲ್ಲಿ ಎದುರಿಗಿದ್ದದ್ದು ಕಲ್ಕತ್ತೆಯಲ್ಲೇ ಕಚೇರಿಯಿದ್ದ ಒಂದು ಕಂಪನಿ. ನೀವು ಏನೂ ತಿಳಿಯದ ಹಳ್ಳಿಗರಲ್ಲ, ವಕೀಲರ ಸಲಹೆಯ ಮೇಲೆ ಬರಲಿಲ್ಲ ಎಂಬ ನೆಪ ನಿಮಗೆ ಸಲ್ಲದು ಎಂದು ನ್ಯಾಯಾಲಯ ಬಾಗಿಲು ಮುಚ್ಚಿತು. 2012ರಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಬಂದಾಗ, ಕಡತ ಮೇಜಿನಿಂದ ಮೇಜಿಗೆ ಹೋಗುವುದು ಕಾರಣವೇ ಅಲ್ಲ ಎಂದಿತು. ಈಚೆಗೆ ಗಾಳಿ ಇನ್ನಷ್ಟು ಬಿಗಿಯಾಗಿ ಬೀಸುತ್ತಿದೆ. 2024ರ ರಜನೀಶ್ ಕುಮಾರ್ ಪ್ರಕರಣದಲ್ಲಿ, ಎಲ್ಲ ಹೊರೆಯನ್ನೂ ವಕೀಲರ ತಲೆಗೆ ಹೊರಿಸಿ ಕಕ್ಷಿದಾರರು ಕೈತೊಳೆದುಕೊಳ್ಳಲಾಗದು, ತಮ್ಮ ಕೇಸಿನ ಮೇಲೆ ಅವರೂ ಕಣ್ಣಿಟ್ಟಿರಬೇಕು ಎಂಬ ಮಾತು ಬಂದಿದೆ. ಎರಡು ಸಾಲಿನ ತೀರ್ಪುಗಳೂ ನನಗೆ ಸರಿಯೆನಿಸುತ್ತವೆ, ಒಂದನ್ನು ಅಪ್ಪನಿಗೆ ಇನ್ನೊಂದನ್ನು ನನಗೆ ಅನ್ವಯಿಸಿಕೊಂಡಾಗ.

ಮಿಸಲೇನಿಯಸ್ ಅರ್ಜಿ ಎಂದರೆ ಅದೂ ಒಂದು ಪುಟ್ಟ ದಾವೆಯೇ. ಎದುರುದಾರರಿಗೆ ನೋಟಿಸು ಕೊಡದೆ ದಾವೆಯನ್ನು ಪುನಃ ಕಡತಕ್ಕೆ ತರುವಂತಿಲ್ಲ. ನೋಟಿಸಿಗೆ ಮತ್ತೆ ಪ್ರೊಸೆಸ್ ಫೀ, ಅಮೀನರ ವರದಿ, ತಕರಾರು, ಸಾಕ್ಷಿ. ಈ ಅರ್ಜಿಯ ದಿನವೂ ಬರದಿದ್ದರೆ ಇದೂ ಗೈರಿನಲ್ಲಿ ವಜಾ ಆಗಬಹುದು. ಆಗ ವಜಾ ಆದ ದಾವೆಯನ್ನು ಎಬ್ಬಿಸುವ ಅರ್ಜಿಯನ್ನು ಎಬ್ಬಿಸಲು ಇನ್ನೊಂದು ಅರ್ಜಿ. ತಮಾಷೆಯಲ್ಲ: ಆದೇಶ 9ರ ಅರ್ಜಿಗಳಿಗೂ ದಾವೆಯ ವಿಧಾನವೇ ಅನ್ವಯಿಸುತ್ತದೆಂದು ಸ್ಪಷ್ಟಪಡಿಸಲು ಸಂಹಿತೆಯ 141ನೇ ಕಲಮಿಗೆ 1976ರಲ್ಲಿ ಒಂದು ವಿವರಣೆಯನ್ನೇ ಸೇರಿಸಿದರು. ಹದಿನಾಲ್ಕು ತಿಂಗಳು ನಾವು ಬಂದಿರಲಿಲ್ಲವೇಕೆ ಎಂಬುದರ ಸುತ್ತ ನಡೆದ ಆ ವಿಚಾರಣೆಯಲ್ಲಿ ಎಂಟು ಗುಂಟೆಯ ಮಾತು ಒಮ್ಮೆಯೂ ಬರಲಿಲ್ಲ.

ಅಪ್ಪ ಸಾಕ್ಷಿಕಟ್ಟೆ ಹತ್ತಿದ ದಿನ ನಾನೂ ಹೋಗಿದ್ದೆ. ಪ್ರತಿವಾದಿಯ ವಕೀಲರು ಮೆತ್ತಗಿನ ದನಿಯಲ್ಲಿ ಕೇಳಿದರು: ಔಷಧ ಕೊಟ್ಟವರು ಯಾವ ಊರಿನವರು, ಯಾವ ಸೊಪ್ಪು, ಎಷ್ಟು ದಿನ ಉಪ್ಪು ಬಿಟ್ಟಿರಿ. ಅಪ್ಪ ಒಂದೊಂದಕ್ಕೂ ನೆಲ ನೋಡುತ್ತ ಉತ್ತರ ಕೊಟ್ಟರು. ನೆಲನೆಲ್ಲಿ ಎಂದರು, ಮಜ್ಜಿಗೆಯಲ್ಲಿ ಅರೆದು ಕೊಟ್ಟರು ಎಂದರು, ಹನ್ನೊಂದು ದಿನ ಎಂದರು. ಅಷ್ಟು ವಿವರ ಅವರಿಗೆ ಹೇಗೆ ಹೊಳೆಯಿತೆಂದು ನನಗೆ ಆಶ್ಚರ್ಯವಾಗಿತ್ತು. ಬಸ್ಸಿನಲ್ಲಿ ಬರುವಾಗ ಹೇಳಿದರು, ಅದು ಚಿಕ್ಕಂದಿನಲ್ಲಿ ನನಗೆ ಕಾಮಾಲೆಯಾದಾಗ ತಾವು ಕೊಡಿಸಿದ್ದ ಔಷಧ.

2016ರ ಫೆಬ್ರವರಿಯಲ್ಲಿ 1,500 ರೂಪಾಯಿ ವೆಚ್ಚದ ಷರತ್ತಿನ ಮೇಲೆ ಅರ್ಜಿ ಮಂಜೂರಾಯಿತು. ನಾವು ವೆಚ್ಚವನ್ನು ಎಣಿಸಿ ಕೊಡುವಾಗ ಪ್ರತಿವಾದಿ ನಮ್ಮ ಮುಖ ನೋಡಲಿಲ್ಲ. ಅವರ ಸಿಟ್ಟಿಗೂ ಕಾರಣವಿತ್ತು. ವಜಾ ಆದ ಮೇಲೆ ವ್ಯಾಜ್ಯ ಮುಗಿಯಿತೆಂದು ನಂಬಿ ಅವರು ಆ ಎಂಟು ಗುಂಟೆಯ ಅಂಚಿನಲ್ಲಿ ಕೊಳವೆಬಾವಿ ಕೊರೆಸಿದ್ದರು, ಸಾಲ ಮಾಡಿ. ಐದು ವರ್ಷ ಅವರೂ ನಮ್ಮಷ್ಟೇ ಬಸ್ಸು ಹತ್ತಿಳಿದಿದ್ದರು. ಕಾಲಮಿತಿಗಳು ಇರುವುದು ಅವರಂಥವರಿಗಾಗಿ ಕೂಡ ಎಂಬುದನ್ನು ನಾನು ಆ ದಿನ ಅವರ ಬೆನ್ನು ನೋಡುತ್ತ ಒಪ್ಪಿಕೊಂಡೆ. ಎಂದಾದರೊಂದು ದಿನ ವ್ಯಾಜ್ಯ ಸತ್ತಿತೆಂದು ನಂಬಲು ಬಿಡದ ಕಾನೂನಿನಡಿ ಯಾರೂ ಬಾವಿ ತೋಡಲಾರರು.

ಪ್ರತಿವಾದಿಗಳಿಗೂ ಗಡುವುಗಳಿವೆ. 1999 ಮತ್ತು 2002ರ ತಿದ್ದುಪಡಿಗಳು 2002ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ಲಿಖಿತ ಹೇಳಿಕೆಗೆ ಮೂವತ್ತು ದಿನ, ಹೆಚ್ಚೆಂದರೆ ತೊಂಬತ್ತು. ವಿಚಾರಣೆಯಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ಬಾರಿ ದಿನ ಕೊಡಕೂಡದು ಎಂದೂ ಬರೆದರು. 2005ರಲ್ಲಿ ಸುಪ್ರೀಂ ಕೋರ್ಟು ಕೈಲಾಶ್ ಮತ್ತು ಸೇಲಂ ವಕೀಲರ ಸಂಘದ ಪ್ರಕರಣಗಳಲ್ಲಿ ಈ ತೊಂಬತ್ತು ದಿನ ಕಟ್ಟುನಿಟ್ಟಲ್ಲ, ಅಸಾಧಾರಣ ಸಂದರ್ಭದಲ್ಲಿ ಸಡಿಲಿಸಬಹುದು ಎಂದಿತು. ವಾಣಿಜ್ಯ ದಾವೆಗಳಲ್ಲಿ ಮಾತ್ರ 120 ದಿನದ ನಂತರ ಹಕ್ಕೇ ಹೋಗುತ್ತದೆ. ನಮ್ಮ ತಾಲ್ಲೂಕು ನ್ಯಾಯಾಲಯದ ಕಟ್ಟೆಯ ಮೇಲೆ ಮೂರು ಬಾರಿ ಎಂಬ ನಿಯಮವನ್ನು ಹೇಳಿದರೆ ಜನ ನಗುತ್ತಾರೆ. ಬಾಗುವ ನಿಯಮ ಹಾಗೂ ಬಾಗದ ನಿಯಮ ಯಾವುದೆಂದು ಗ್ರಂಥ ಓದಿ ಗೊತ್ತಾಗುವುದಿಲ್ಲ. ಬಾಗದ ಒಂದು ನಿಯಮ ಯಾವುದೆಂದು ನನಗೆ ಗೊತ್ತಾದದ್ದು 2018ರಲ್ಲಿ.

ಆ ವರ್ಷದ ಜನವರಿಯಲ್ಲಿ ಅಪ್ಪ ತೀರಿಕೊಂಡರು. ಪಾಟಿ ಸವಾಲು ಆಗಲೂ ಆರಂಭವಾಗಿರಲಿಲ್ಲ. ವಾದಿ ತೀರಿಕೊಂಡ 90 ದಿನಗಳೊಳಗೆ ವಾರಸುದಾರರನ್ನು ದಾವೆಯಲ್ಲಿ ತರದಿದ್ದರೆ, ಯಾವ ಆದೇಶವೂ ಇಲ್ಲದೆ, ಯಾರೂ ಕೂಗದೆ, ದಾವೆ ತಾನಾಗಿ ಉಪಶಮನವಾಗುತ್ತದೆ, ಎಂದರೆ ಬಿದ್ದುಹೋಗುತ್ತದೆ. ಆಮೇಲೆ ಅದನ್ನು ರದ್ದುಪಡಿಸಿ ಎಂದು ಕೇಳಲು 60 ದಿನ, ಅದೂ ಮೀರಿದರೆ ಮತ್ತೆ 5ನೇ ಕಲಮು, ಮತ್ತೆ ಯಾವುದೋ ಕಾಯಿಲೆ. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನವೇ ನಾನು ಮರಣ ಪ್ರಮಾಣಪತ್ರಕ್ಕೂ ವಂಶವೃಕ್ಷಕ್ಕೂ ಅರ್ಜಿ ಕೊಟ್ಟೆ. ಅಮ್ಮನಿಗೆ ಇದು ನೋವಾಯಿತು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದುದನ್ನು ನೋಡಿ, “ಮಾಸಿಕಕ್ಕೆ ಎಣಿಸ್ತಿದೀಯೇನೋ ಅಂದ್ಕೊಂಡೆ ಕಣೋ” ಎಂದಳು. ಐವತ್ತೆಂಟನೆಯ ದಿನ ಅಮ್ಮ, ನಾನು, ತಂಗಿ ಮೂವರೂ ವಾದಿ 1(ಎ)ಯಿಂದ 1(ಸಿ) ಎಂದು ದಾವೆಯಲ್ಲಿ ಸೇರಿದೆವು.

ಈಗ ನನ್ನ ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಇದೆ. ನಮ್ಮ ಕೇಸನ್ನು ಗುರುತಿಸುವ ಹದಿನಾರು ಅಕ್ಷರಗಳ ಸಿಎನ್‌ಆರ್ ಸಂಖ್ಯೆ ನನಗೆ ಬಾಯಿಪಾಠ. ವಕೀಲರು ಹೇಳಿದ ದಿನವನ್ನು ಅಲ್ಲಿ ತಾಳೆ ನೋಡುತ್ತೇನೆ. ಒಮ್ಮೆ ಎರಡೂ ಹೊಂದದಿದ್ದಾಗ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಕೊನೆಗೆ ತಪ್ಪಿದ್ದದ್ದು ಆ್ಯಪ್‌ನಲ್ಲಿ. ಕೊರೋನಾ ಬಂದಾಗ ಸುಪ್ರೀಂ ಕೋರ್ಟು 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಎಲ್ಲ ಕಾಲಮಿತಿಗಳ ಲೆಕ್ಕದಿಂದ ಬಿಟ್ಟುಬಿಟ್ಟಿತು. ದೇಶಕ್ಕೆ ದೇಶವೇ ಗೈರಾದಾಗ ಯಾರೂ ಕಾರಣ ಬರೆದುಕೊಡಬೇಕಾಗಲಿಲ್ಲ.

ಪಾಟಿ ಸವಾಲಿಗೆ ಒಳಗಾಗದ ಅಪ್ಪನ ಪ್ರಮಾಣಪತ್ರವನ್ನು ನೆಚ್ಚಿಕೊಳ್ಳುವಂತಿರಲಿಲ್ಲವಾದ್ದರಿಂದ, 2023ರಲ್ಲಿ ಅವರ ಜಾಗದಲ್ಲಿ ನಾನೇ ಸಾಕ್ಷಿಕಟ್ಟೆ ಹತ್ತಿದೆ. ಪ್ರತಿವಾದಿಯ ವಕೀಲರು ಅವರೇ, ದನಿಯೂ ಅದೇ ಮೆತ್ತಗಿನದು. ಸರ್ವೆ ನಂಬರು, ಚಕ್ಕುಬಂದಿ, ಬದುವಿನ ಮೇಲಿನ ಹುಣಸೆಮರ, ಕೊಳವೆಬಾವಿ ಎಲ್ಲ ಕೇಳಿ ಮುಗಿಸಿದ ಮೇಲೆ ಅವರು ಹಳೆಯ ಮಿಸಲೇನಿಯಸ್ ಅರ್ಜಿಯ ಪ್ರಮಾಣಪತ್ರದ ನಕಲನ್ನು ನನ್ನ ಕೈಗೆ ಕೊಟ್ಟು, ಕೆಳಗಿರುವ ಸಹಿ ಯಾರದ್ದು ಎಂದು ಕೇಳಿದರು. ನಮ್ಮ ತಂದೆಯವರದ್ದು ಎಂದೆ. ಅದನ್ನು ಸಾಕ್ಷ್ಯದ ದಾಖಲೆಯಾಗಿ ನಿಶಾನೆ ಮಾಡಿಸಿಕೊಂಡರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. ನಮ್ಮ ವಕೀಲರು ಎದ್ದು ಆಕ್ಷೇಪಿಸಿದರು, ನ್ಯಾಯಾಧೀಶರು ಸಾಕ್ಷಿ ಉತ್ತರಿಸಲಿ ಎಂದರು. ಹಾಲಿನ ಫ್ಯಾನು ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು.

ಸಂಜೆ ಬೆರಳಚ್ಚಾಗಿ ಬಂದ ಹೇಳಿಕೆಯನ್ನು ಓದಿ ಪ್ರತಿ ಪುಟಕ್ಕೂ ಸಹಿ ಹಾಕಿದೆ. ನಾಲ್ಕನೆಯ ಪುಟದ ಕೊನೆಯಲ್ಲಿ ಹೀಗಿತ್ತು: “2014ರಲ್ಲಿ ನಮ್ಮ ತಂದೆಯವರಿಗೆ ಕಾಮಾಲೆಯೇ ಆಗಿರಲಿಲ್ಲ ಎಂದರೆ ನನಗೆ ಗೊತ್ತಿಲ್ಲ.”